ಒಂದು ಯೂನಿಟ್‌ಗೆ 1,765 ರೂಪಾಯಿ: ಗೃಹಜ್ಯೋತಿಯ ಗೆರೆ ದಾಟಿದ ಮನೆಯ ಲೆಕ್ಕ

ತುಂಗೆಯ ದಡ:
ಎಲ್ಲರಿಗೂ ನಮಸ್ಕಾರ. ನಮ್ಮದು ಮಲೆನಾಡಿನ ಒಂದು ಸಣ್ಣ ಪಟ್ಟಣದ ಐದು ಜನರ ಮನೆ. ಮನೆಗಳಿಗೆ ಉಚಿತ ವಿದ್ಯುತ್ತು ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಿಂದಾಗಿ 2023ರ ಆಗಸ್ಟ್‌ನಿಂದ ಈಚೆಗೆ ನಮಗೆ ಸೊನ್ನೆ ಬಿಲ್ಲೇ ಬರುತ್ತಿತ್ತು. 2022–23ರಲ್ಲಿ ನಮ್ಮ ತಿಂಗಳ ಸರಾಸರಿ ಬಳಕೆ 180 ಯೂನಿಟ್ ಇದ್ದುದರಿಂದ, ಅದಕ್ಕೆ ಶೇ 10 ಸೇರಿಸಿ 198 ಯೂನಿಟ್‌ವರೆಗೆ ನಮಗೆ ಉಚಿತ. ಬಳಕೆ 200 ದಾಟಿದರೆ ಮಾತ್ರ ಪೂರ್ತಿ ಬಿಲ್ಲು ಕಟ್ಟಬೇಕು. ಈ ಮೇ ತಿಂಗಳಲ್ಲಿ (2025) ಬಂದ ಬಿಲ್ಲಿನಲ್ಲಿ ಬಳಕೆ 201 ಯೂನಿಟ್ ಎಂದಿದೆ. ಮಗಳು ಬೆಂಗಳೂರಿನಿಂದ ಬಂದು ಮನೆಯಿಂದಲೇ ಕೆಲಸ ಮಾಡಿದಳು, ಸೆಕೆಯೂ ಇತ್ತು, ಎರಡು ಫ್ಯಾನು ಹಗಲಿಡೀ ತಿರುಗಿದವು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಬಿಲ್ಲು ಹೀಗಿದೆ. ಮಂಜೂರಾದ ಲೋಡ್ 3 ಕಿಲೋವ್ಯಾಟ್, ಕಿಲೋವ್ಯಾಟ್‌ಗೆ 145ರಂತೆ ನಿಗದಿತ ಶುಲ್ಕ 435 ರೂಪಾಯಿ. 201 ಯೂನಿಟ್‌ಗೆ 5.80ರಂತೆ 1,165.80. ಅದರ ಮೇಲೆ ಶೇ 9 ತೆರಿಗೆ, 104.92. ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆಯಂತೆ 72.36. ಇಂಧನ ಹೊಂದಾಣಿಕೆಯ ಚಿಲ್ಲರೆಯನ್ನು ಬಿಟ್ಟರೆ ಒಟ್ಟು 1,778 ರೂಪಾಯಿ. ಮೀಟರು 200ರಲ್ಲಿ ನಿಂತಿದ್ದರೆ 198ರ ಮೇಲಿನ ಎರಡು ಯೂನಿಟ್‌ಗಳ ಬಾಬ್ತು ಹದಿಮೂರು ರೂಪಾಯಿ ಕಟ್ಟಿ ಸುಮ್ಮನಾಗುತ್ತಿದ್ದೆವು. ಅಂದರೆ ಕೊನೆಯ ಆ ಒಂದು ಯೂನಿಟ್‌ಗೆ ನಾವು ತೆತ್ತದ್ದು 1,765 ರೂಪಾಯಿ. ನಿಯಮ ಹೀಗೆಯೇ ಇದೆಯೇ, ಅಥವಾ ನನ್ನ ಲೆಕ್ಕದಲ್ಲಿ ತಪ್ಪಿದೆಯೇ? ಅತ್ತೆಯವರಂತೂ ಈಗ ಕೋಣೆಯಿಂದ ಕೋಣೆಗೆ ಹೋಗಿ ಸ್ವಿಚ್ಚು ಆರಿಸುವುದನ್ನೇ ವ್ರತ ಮಾಡಿಕೊಂಡಿದ್ದಾರೆ.

ಒಂದೇ ಮಾತು:
ನಿಯಮ ಹೀಗೆಯೇ ಇದೆ, ಲೆಕ್ಕವೂ ಸರಿಯಾಗಿದೆ, ಅತ್ತೆಯವರು ಮಾಡುತ್ತಿರುವುದೂ ಸರಿಯಾಗಿದೆ.

ಲೆಕ್ಕದ ಮೇಷ್ಟ್ರು:
ನಿಯಮ ಇರುವುದು ನಿಜ. ಆದರೆ ಇಂಥ ಕಡಿದಾದ ಗೆರೆ ಗೃಹಜ್ಯೋತಿಯೊಂದಿಗೇ ಹುಟ್ಟಿದ್ದಲ್ಲ ಎಂಬುದನ್ನು ನೆನಪಿಸುತ್ತೇನೆ. 2023ರ ಮೇ ತಿಂಗಳ ದರಪಟ್ಟಿಯಲ್ಲಿ ಮನೆಬಳಕೆಗೆ 100 ಯೂನಿಟ್‌ವರೆಗೆ 4.75 ರೂಪಾಯಿ, ಅದನ್ನು ದಾಟಿದರೆ ಮೊದಲ ಯೂನಿಟ್‌ನಿಂದಲೇ 7 ರೂಪಾಯಿ ಎಂದಿತ್ತು. 100 ಯೂನಿಟ್ ಉರಿಸಿದವರಿಗೆ 475, 101 ಉರಿಸಿದವರಿಗೆ 707. ಆ ಜೂನ್ ತಿಂಗಳಲ್ಲಿ ಬಿಲ್ಲು ನೋಡಿದ ಜನ ಬೊಬ್ಬೆ ಹೊಡೆದದ್ದು ಅನೇಕರಿಗೆ ನೆನಪಿರಬಹುದು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2024ರ ಫೆಬ್ರುವರಿಯ ಆದೇಶದಲ್ಲಿ ಆ ಹಂತವನ್ನು ತೆಗೆದು ಎಲ್ಲ ಯೂನಿಟ್‌ಗೂ 5.90ರ ಒಂದೇ ದರ ಮಾಡಿತು. 2025ರ ಏಪ್ರಿಲ್‌ನಿಂದ ಅದು 5.80 ಆಯಿತು. ಹೀಗೆ ಆಯೋಗವು ತನ್ನ ದರಪಟ್ಟಿಯಲ್ಲಿದ್ದ ಹಳ್ಳವನ್ನು ಮುಚ್ಚಿದರೂ, ಸರ್ಕಾರದ ಯೋಜನೆಯಲ್ಲಿ ಅದಕ್ಕಿಂತ ಆಳವಾದ ಹಳ್ಳ ಹಾಗೆಯೇ ಉಳಿದುಕೊಂಡಿದೆ.

ಇದರಿಂದ ಜನ ವಿದ್ಯುತ್ತನ್ನು ಉಳಿಸುವುದಿಲ್ಲ, ಗೆರೆಯನ್ನು ಕಾಯುತ್ತಾರೆ. 120 ಯೂನಿಟ್ ಉಚಿತವಿರುವ ಮನೆಯವರು 80ರಲ್ಲಿದ್ದಾಗ ಇನ್ನಷ್ಟು ಉಳಿಸಿದರೆ ಅವರಿಗೆ ಸಿಗುವುದು ಏನೂ ಇಲ್ಲ. 198ರಲ್ಲಿರುವವರು ಮಾತ್ರ ರಾತ್ರಿ ನಿದ್ದೆಗೆಟ್ಟು ಮೀಟರು ನೋಡುತ್ತಾರೆ.

ಬಿಸಿಲೂರಿನವನು:
ಮೇಡಂ, ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೆ ನೀವು ಸೆಕೆ ಎನ್ನುವುದನ್ನು ಕೇಳಿ ನನಗೆ ನಗು ಬಂತು. ನಾನು ಕಲಬುರಗಿ ಜಿಲ್ಲೆಯವನು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಕೂಲರ್ ಇಲ್ಲದೆ ಮಕ್ಕಳು, ಮುದುಕರು ಹಗಲು ಕಳೆಯುವುದೇ ಕಷ್ಟ. ನಮಗೂ 200, ನಿಮಗೂ 200, ಮಡಿಕೇರಿಗೂ 200. ಯೋಜನೆಗೆ ಚಾಲನೆ ಕೊಟ್ಟದ್ದು ನಮ್ಮ ಕಲಬುರಗಿಯಲ್ಲೇ, ಆದರೆ ಗೆರೆ ಎಳೆಯುವಾಗ ಇಲ್ಲಿಯ ಬಿಸಿಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ನಮ್ಮ ಮನೆಯಲ್ಲಿ ನೂರರ ಒಳಗೇ ಮುಗಿಯುತ್ತದೆ. ಆ ಉಳಿಕೆ ಬೇಸಿಗೆಗೆ ಜಮೆಯಾಗುವುದಿಲ್ಲ. ತಿಂಗಳಿಗೆ 200 ಎನ್ನುವ ಬದಲು ವರ್ಷಕ್ಕೆ 2,400 ಎಂದು ಮಾಡಿದ್ದರೆ ಏನು ಕಳೆದುಹೋಗುತ್ತಿತ್ತು?

ಕಂಬದ ಮೇಲಿನವ:
ಮೂವತ್ತು ವರ್ಷ ಈ ಇಲಾಖೆಯ ಅನ್ನ ಉಂಡು ನಿವೃತ್ತನಾದವನು ನಾನು, ಕೆ.ಇ.ಬಿ. (ಕರ್ನಾಟಕ ವಿದ್ಯುತ್ ಮಂಡಳಿ) ಎಂಬ ಹೆಸರಿದ್ದಾಗ ಸೇರಿದವನು. ವರ್ಷದ ಲೆಕ್ಕ ಕಾಗದದ ಮೇಲೆ ಚೆಂದ. ಆದರೆ ಫೆಬ್ರುವರಿಯಲ್ಲೇ 2,400 ಮುಗಿಸಿಕೊಂಡವರು ಮಾರ್ಚಿನ ಬಿಲ್ಲು ಕಟ್ಟದೆ ಬಾಕಿ ಉಳಿಸಿಕೊಂಡರೆ, ಸಂಪರ್ಕ ಕಡಿಯಲು ಹೋಗಿ ಬೈಗುಳ ತಿನ್ನುವವನು ಲೈನ್‌ಮ್ಯಾನ್, ಯೋಜನೆ ಬರೆದವರಲ್ಲ.

ಇರಲಿ, ತುಂಗೆಯ ದಡ ಅವರೇ, ಬಿಲ್ಲಿನಲ್ಲಿ ಹಿಂದಿನ ರೀಡಿಂಗ್ ದಿನಾಂಕ ಮತ್ತು ಈಗಿನ ದಿನಾಂಕ ಎರಡೂ ಇರುತ್ತವೆ. ಅವೆರಡನ್ನೂ ಇಲ್ಲಿ ಹಾಕಿ.

ಬಾಡಿಗೆಮನೆ:
ನಿಮಗೆಲ್ಲ ಗೆರೆಯಾದರೂ ಇದೆ. ನಾನಿರುವುದು ಬೆಂಗಳೂರಿನ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ. ನಾಲ್ಕು ಮನೆಗೆ ಒಂದೇ ಆರ್.ಆರ್. ಸಂಖ್ಯೆ, ಅಂದರೆ ಒಂದೇ ವಿದ್ಯುತ್ ಸಂಪರ್ಕ, ಒಳಗೆ ಮಾಲೀಕರೇ ಕೂರಿಸಿದ ಉಪಮೀಟರು. ಯೂನಿಟ್‌ಗೆ 9 ರೂಪಾಯಿ ಕೊಡಬೇಕು. ನಾಲ್ಕು ಮನೆಯ ಬಳಕೆ ಒಂದೇ ಮೀಟರಿನಲ್ಲಿ ಓಡುವುದರಿಂದ 200 ಎಂಬುದು ತಿಂಗಳ ಎರಡನೆಯ ವಾರದಲ್ಲೇ ದಾಟಿರುತ್ತದೆ. ನಾನು ತಿಂಗಳಿಗೆ ಉರಿಸುವುದು ಅರವತ್ತೋ ಎಪ್ಪತ್ತೋ. ಪ್ರತ್ಯೇಕ ಮೀಟರು ಹಾಕಿಸಿಕೊಡಿ ಎಂದು ಕೇಳಿದ್ದಕ್ಕೆ, ಖರ್ಚು ನೀವು ಹಾಕಿಕೊಳ್ಳಿ ಎಂದರು. ಹನ್ನೊಂದು ತಿಂಗಳ ಕರಾರಿನವಳು ಇನ್ನೊಬ್ಬರ ಗೋಡೆಗೆ ಮೀಟರು ಕಟ್ಟಿಸುವುದೇ?

ಒಂದೇ ಮಾತು:
ಉಚಿತ ವಿದ್ಯುತ್ತಿನ ದರ 9 ರೂಪಾಯಿ ಎಂದು ಇವತ್ತು ತಿಳಿಯಿತು.

ಮೂರು ಹೆಚ್‌ಪಿ:
ಪಟ್ಟಣದವರು ಈ ಚರ್ಚೆಯನ್ನು ಎಲ್ಲಿಗೆ ಒಯ್ಯುತ್ತಾರೆ ಎಂದು ನನಗೆ ಗೊತ್ತು. ಇನ್ನು ನಾಲ್ಕು ಉತ್ತರ ಆಗುವಷ್ಟರಲ್ಲಿ ರೈತರ ಪಂಪ್‌ಸೆಟ್ ಮೇಲೆ ಬರುತ್ತದೆ. ಆದ್ದರಿಂದ ನಾನೇ ಮೊದಲು ಹೇಳಿಬಿಡುತ್ತೇನೆ: ಹೌದು, 2008ರಿಂದ 10 ಹೆಚ್‌ಪಿವರೆಗಿನ ಪಂಪ್‌ಸೆಟ್‌ಗೆ ನಾವು ಬಿಲ್ಲು ಕಟ್ಟುವುದಿಲ್ಲ.

ಲೆಕ್ಕದ ಮೇಷ್ಟ್ರು:
ನೀವಾಗಿಯೇ ಬಾಗಿಲು ತೆರೆದಿದ್ದರಿಂದ ಒಳಗೆ ಬರುತ್ತೇನೆ. 2025–26ರ ರಾಜ್ಯ ಬಜೆಟ್ಟಿನಲ್ಲಿ ಗೃಹಜ್ಯೋತಿಗೆ ಸುಮಾರು 10,100 ಕೋಟಿ ರೂಪಾಯಿ ಇಟ್ಟಿದ್ದಾರೆ. ಪಂಪ್‌ಸೆಟ್‌ಗಳ ಸಹಾಯಧನ ಹದಿನಾರು ಸಾವಿರ ಕೋಟಿಯ ಆಸುಪಾಸಿನಲ್ಲಿದೆ. ಗೃಹಜ್ಯೋತಿಯ ಹಣವನ್ನು ಒಂದೂವರೆ ಕೋಟಿಗೂ ಹೆಚ್ಚಿರುವ ಫಲಾನುಭವಿ ಮನೆಗಳಿಗೆ ಹಂಚಿದರೆ ಮನೆಯೊಂದಕ್ಕೆ ತಿಂಗಳಿಗೆ ಐನೂರು ಚಿಲ್ಲರೆ ಬೀಳುತ್ತದೆ. ಇದು ಸರಾಸರಿ ಮಾತ್ರ. 40 ಯೂನಿಟ್ ಉರಿಸುವ ಮನೆಗೆ ಸಿಗುವುದು ಇದಕ್ಕಿಂತ ಕಡಿಮೆ. 198 ಉರಿಸುವ ಮನೆಗೆ ಇದರ ಮೂರರಷ್ಟು. ಹೆಚ್ಚು ಉಪಕರಣ ಇದ್ದವರಿಗೆ ಹೆಚ್ಚು ಸಹಾಯಧನ ಎಂಬುದು ಯಾವ ಸಮಾಜವಾದ? ನಿಮ್ಮ ಪಂಪಿನಲ್ಲೂ ಇದೇ ಕಥೆ: ಐದು ಕೊಳವೆಬಾವಿ ಇದ್ದವನಿಗೆ ಐದು ಪಾಲು, ಮಳೆಯನ್ನೇ ನಂಬಿದವನಿಗೆ ಸೊನ್ನೆ.

ಮೂರು ಹೆಚ್‌ಪಿ:
ಮೇಷ್ಟ್ರೇ, ಮಳೆಯನ್ನೇ ನಂಬಿದವನ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ, ಏಕೆಂದರೆ ನನ್ನ ಅಣ್ಣ ಆ ಸಾಲಿನವನು. ಆದರೆ ಹದಿನಾರು ಸಾವಿರ ಕೋಟಿಯ ವಿದ್ಯುತ್ತು ನಮ್ಮ ಹೊಲಕ್ಕೇ ಬಂತು ಎಂದು ಅಳೆದವರು ಯಾರು? ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರೇ ಇಲ್ಲ, ಇರುವುದು ಅಂದಾಜು. ತಂತಿಯಲ್ಲಿ ಸೋರಿದ್ದು, ಕದ್ದದ್ದು ಎಲ್ಲವನ್ನೂ ರೈತನ ಖಾತೆಗೆ ಬರೆದರೆ ಕೇಳುವವರಿಲ್ಲ. ಪಂಪು ಓಡಿಸಲು ಬೇಕಾದ ತ್ರೀ ಫೇಸ್ ವಿದ್ಯುತ್ತು ದಿನಕ್ಕೆ ಏಳು ಗಂಟೆ ಎನ್ನುತ್ತಾರೆ. ಅದರಲ್ಲಿ ರಾತ್ರಿ ಪಾಳಿಯೂ ಇರುತ್ತದೆ. ಹಾವು ಹರಿದಾಡುವ ಹೊತ್ತಿನಲ್ಲಿ ಟಾರ್ಚು ಹಿಡಿದು ಗದ್ದೆಗೆ ಹೋಗುವವನಿಗೆ ಅದು ಉಚಿತವೆಂದು ಅನ್ನಿಸುವುದಿಲ್ಲ.

ಕಂಬದ ಮೇಲಿನವ:
ಸೋರಿಕೆಯ ವಿಷಯದಲ್ಲಿ ಈ ರೈತರು ಹೇಳಿದ್ದು ಸುಳ್ಳಲ್ಲ. ಹೆಚ್ಚಿಗೆ ಬರೆಯುವುದಿಲ್ಲ, ನನಗೂ ಪಿಂಚಣಿ ಬರಬೇಕು.

ತುಂಗೆಯ ದಡ:
ಪಿಂಚಣಿ ಎಂದಾಗ ನೆನಪಾಯಿತು. ಆ 36 ಪೈಸೆ ಯಾಕೆ ಎಂದು ಯಾರಾದರೂ ವಿವರಿಸುವಿರಾ? ನಾನು ಶಾಲೆಯಲ್ಲಿ ಪಾಠ ಹೇಳುವವಳು. ನನ್ನ ಪಿಂಚಣಿಯನ್ನು ಮಕ್ಕಳ ಶುಲ್ಕದಲ್ಲಿ ಪ್ರತ್ಯೇಕ ಸಾಲು ಮಾಡಿ ಯಾರೂ ವಸೂಲು ಮಾಡುವುದಿಲ್ಲವಲ್ಲ.

ಕಂಬದ ಮೇಲಿನವ:
ಮೇಡಂ, ನನ್ನ ಮೇಲೆ ಸಿಟ್ಟಾಗಬೇಡಿ. 1999ರಲ್ಲಿ ಕೆ.ಇ.ಬಿ. ಹೋಗಿ ಕೆ.ಪಿ.ಟಿ.ಸಿ.ಎಲ್. (ವಿದ್ಯುತ್ ಪ್ರಸರಣ ನಿಗಮ) ಬಂತು, 2002ರಲ್ಲಿ ಅದರಿಂದ ವಿತರಣಾ ಕಂಪನಿಗಳು ಒಡೆದವು. ಹಳೆಯ ನೌಕರರ ಪಿಂಚಣಿ, ಗ್ರಾಚ್ಯುಟಿಯ ನಿಧಿಗೆ ಸರ್ಕಾರ ಒಂದು ಪಾಲು ಕೊಡಬೇಕೆಂಬ ಏರ್ಪಾಡಿತ್ತು. ಆ ಪಾಲನ್ನು ಗ್ರಾಹಕರಿಂದಲೇ ಪಡೆಯಬೇಕೆಂದು ಸರ್ಕಾರ ಹೇಳಿತು, ವಿವಾದ ಹೈಕೋರ್ಟಿನವರೆಗೂ ಹೋಯಿತು, ಕೊನೆಗೆ 2025ರ ಏಪ್ರಿಲ್‌ನಿಂದ ಬಿಲ್ಲಿಗೆ ಬಂತು. ದುಡಿದದ್ದಕ್ಕೆ ಪಿಂಚಣಿ ನಮ್ಮ ಹಕ್ಕು. ಯಾರ ಜೇಬಿನಿಂದ ಎಂಬ ಪ್ರಶ್ನೆಯನ್ನು ನನ್ನನ್ನು ಕೇಳಿದರೆ ನಾನೇನು ಹೇಳಲಿ?

ಲೆಕ್ಕದ ಮೇಷ್ಟ್ರು:
ಗಮನಿಸಬೇಕಾದ ಸಂಗತಿ ಇಲ್ಲೊಂದಿದೆ. 2025ರ ಮಾರ್ಚಿನ ಆದೇಶದಲ್ಲಿ ಯೂನಿಟ್ ದರ 10 ಪೈಸೆ ಇಳಿದಿದೆ ಎಂಬುದೇ ದೊಡ್ಡ ಸುದ್ದಿಯಾಯಿತು. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145 ಆಯಿತು, 36 ಪೈಸೆ ಬೇರೆ ಸೇರಿತು. ಕಂಬ, ತಂತಿ, ಸಂಬಳ ಇವೆಲ್ಲ ಬಳಕೆ ಕಡಿಮೆಯಾದರೂ ತಪ್ಪದ ಖರ್ಚು, ಆದ್ದರಿಂದ ನಿಗದಿತ ಶುಲ್ಕ ಏರಬೇಕು ಎಂಬ ವಾದದಲ್ಲಿ ಹುರುಳಿದೆ. ಆದರೆ ಅದು ಏರಿದಷ್ಟೂ ಯೂನಿಟ್ ಉಳಿಸುವವನ ಲಾಭ ಕುಗ್ಗುತ್ತದೆ, ಒಂಟಿ ಮುದುಕಿಯ ಮನೆಗೆ ಹೊರೆ ಹೆಚ್ಚುತ್ತದೆ. 3 ಕಿಲೋವ್ಯಾಟ್ ನಿಜವಾಗಿಯೂ ಬೇಕೇ ಎಂದು ನೋಡಿಕೊಳ್ಳಿ. ಬೇಡವಾದರೆ ಲೋಡ್ ಇಳಿಸಲು ಅರ್ಜಿ ಕೊಡಬಹುದು. ಗೀಸರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಚ್ಚುವ ಅಭ್ಯಾಸ ಇದ್ದರೆ ಮಾತ್ರ ಆ ಗೋಜಿಗೆ ಹೋಗಬೇಡಿ.

ಕಾಸರಗೋಡಿನ ಕನ್ನಡಿಗ:
ಗಡಿಯಾಚೆಯಿಂದ ಒಂದು ಮಾತು. ನಮ್ಮಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250 ಯೂನಿಟ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ದರ ಏರುತ್ತದೆ. ಅಂದರೆ ಮೇಲಿನ ಮೆಟ್ಟಿಲಿನ ದರ ಮೇಲಿನ ಯೂನಿಟ್‌ಗಳಿಗೆ ಮಾತ್ರ. 250 ದಾಟಿದರೆ ಮಾತ್ರ ಎಲ್ಲ ಯೂನಿಟ್‌ಗೂ ಹೆಚ್ಚಿನ ದರ. ನಮಗೂ ಒಂದು ಹಳ್ಳ ಇದೆ, ಆದರೆ ಸೊನ್ನೆಯಿಂದ ಸಾವಿರದ ಏಳುನೂರಕ್ಕೆ ನೆಗೆಯುವಂಥದ್ದಲ್ಲ. ನಿಮ್ಮಲ್ಲಿ ಸೊನ್ನೆ ಬಿಲ್ಲು ಬಂದಾಗ ನಮ್ಮ ಮನೆಯವರು ನನ್ನನ್ನು ನೋಡಿ, ಹತ್ತು ಮೈಲಿ ತೆಂಕಕ್ಕೆ ಹುಟ್ಟಿದ್ದಕ್ಕೆ ಇದು ಶಿಕ್ಷೆ ಎಂದರು.

ಹೊಸೂರು ದಾರಿ:
ತಮಿಳುನಾಡಿನಲ್ಲಿ ಎರಡು ತಿಂಗಳ ಮೊದಲ 100 ಯೂನಿಟ್ ಎಲ್ಲ ಮನೆಗೂ ಉಚಿತ. ಐನೂರು ಉರಿಸಿದವನಿಗೂ ಆ ನೂರು ಕಳೆಯುತ್ತದೆ. ದೆಹಲಿಯಲ್ಲಿಯೂ 200 ದಾಟಿದವರನ್ನು ಒಮ್ಮೆಲೇ ಹೊರಗೆ ತಳ್ಳುವುದಿಲ್ಲ, 400ರವರೆಗೆ ಅರ್ಧ ಸಹಾಯಧನವಿದೆ.

ಬಿಸಿಲೂರಿನವನು:
ಹೊಸೂರಿನವರು ಹೇಳಿದ ಪದ್ಧತಿ ನನಗೆ ಹಿಡಿಸಿತು. ಮೊದಲ 60 ಯೂನಿಟ್ ಎಲ್ಲರಿಗೂ ಉಚಿತ, ಅದರಾಚೆ ಪ್ರತಿ ಯೂನಿಟ್‌ಗೂ ಬೆಲೆ ಎಂದರೆ ಉಳಿಸಿದವನಿಗೆ ಉಳಿತಾಯ, ಉರಿಸಿದವನಿಗೆ ಖರ್ಚು.

ಬಾಡಿಗೆಮನೆ:
ಎಲ್ಲರಿಗೂ ಎಂದರೆ ಅಪಾರ್ಟ್‌ಮೆಂಟಿನ ಹವಾನಿಯಂತ್ರಿತ ಮಲಗುಕೋಣೆಯವರಿಗೂ ಎಂದಾಯಿತು. ಅವರಿಗೂ 60 ಯೂನಿಟ್ ಯಾಕೆ ಕೊಡಬೇಕು?

ಬಿಸಿಲೂರಿನವನು:
ಈಗ 198 ಯೂನಿಟ್ ಕೊಡುತ್ತಿರುವುದು ಯಾರಿಗೆಂದು ನೋಡಿ, ಆಮೇಲೆ ನನ್ನ 60ಕ್ಕೆ ಕಣ್ಣು ಹಾಕಿ.

ಹಿನ್ನೀರಿನ ಹುಡುಗ:
ನಮ್ಮ ಕಥೆಯೇ ಬೇರೆ. ನಮ್ಮ ಊರು ಶರಾವತಿ ಹಿನ್ನೀರಿನ ಆಚೆ. ಲಿಂಗನಮಕ್ಕಿಯಲ್ಲಿ ನೀರು ನಿಂತಾಗ ಅಜ್ಜನ ಗದ್ದೆ ಮುಳುಗಿತು. ಆ ನೀರಿನಿಂದ ರಾಜ್ಯವೆಲ್ಲ ಬೆಳಗಿದ ಎಷ್ಟೋ ವರ್ಷಗಳ ಬಳಿಕ ನಮ್ಮ ಮನೆಗೆ ಬಲ್ಬು ಬಂತು. ಸ್ನಾನದ ನೀರಿಗೆ ಬಚ್ಚಲೊಲೆ, ಅಡಿಕೆ ಸಿಪ್ಪೆ. ಹಾಗಾಗಿ 2022–23ರಲ್ಲಿ ನಮ್ಮ ಸರಾಸರಿ 31 ಯೂನಿಟ್. ಅಂದು ಕಡಿಮೆ ಉರಿಸಿದ್ದೇ ಇಂದು ನಮಗೆ ಮಿತಿಯಾಗಿದೆ. 2024ರ ಆರಂಭದಲ್ಲಿ 48ರ ಒಳಗಿನವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸಿದ ಮೇಲೆ 41 ಆಯಿತು. ಅಮ್ಮನಿಗೆ ಸೌದೆ ಹೊರಲು ಆಗುವುದಿಲ್ಲವೆಂದು ಈಗ ಗೀಸರು ಹಾಕಿದ್ದೇನೆ, ಹೆಚ್ಚುವರಿಗೆ ದುಡ್ಡು ಕಟ್ಟುತ್ತೇನೆ. ನಿನ್ನೆ ಮನೆ ಕಟ್ಟಿ ಹೊಸ ಸಂಪರ್ಕ ಪಡೆದವನಿಗೆ ರಾಜ್ಯದ ಸರಾಸರಿ 53, ಅದರ ಮೇಲೆ ಶೇ 10 ಸೇರಿ 58 ಯೂನಿಟ್ ಸಿಗುತ್ತದೆ. ಮೂವತ್ತು ವರ್ಷ ಮಿತವಾಗಿ ಬಾಳಿದ ನಮಗೆ 41.

ಲೆಕ್ಕದ ಮೇಷ್ಟ್ರು:
ಇದಕ್ಕೆ ನನ್ನಲ್ಲಿ ಮರುಮಾತಿಲ್ಲ.

ಅಡುಗೆಮನೆ ಅರ್ಥಶಾಸ್ತ್ರ:
ಗೀಸರಿನ ಮಾತು ಬಂದಿದ್ದರಿಂದ ಹೆಣ್ಣುಮಕ್ಕಳ ಲೆಕ್ಕವನ್ನೂ ಕೇಳಿ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಬೇಕಾದದ್ದು ಸುಮಾರು 0.7 ಯೂನಿಟ್. ಐದು ಜನರಿಗೆ ದಿನಕ್ಕೆ ಮೂರೂವರೆ ಯೂನಿಟ್, ತಿಂಗಳಿಗೆ ನೂರರ ಮೇಲೆ. ತುಂಗೆಯ ದಡ ಅವರ ಮನೆಯಲ್ಲಿ ಬಳಕೆಯ ಅರ್ಧ ಬಚ್ಚಲಿಗೇ ಹೋಗುತ್ತಿರಬಹುದು; ಅತ್ತೆಯವರು ಆರಿಸುತ್ತಿರುವ ಎಲ್‌ಇಡಿ ಬಲ್ಬಿನಲ್ಲಿ ಅಲ್ಲ. 9 ವ್ಯಾಟಿನ ಬಲ್ಬು ಒಂದು ಯೂನಿಟ್ ತಿನ್ನಲು ನೂರು ಗಂಟೆಗೂ ಹೆಚ್ಚು ಉರಿಯಬೇಕು.

ಇನ್ನು ಅಡುಗೆ. 14.2 ಕಿಲೋ ಸಿಲಿಂಡರಿನಲ್ಲಿ ಇರುವ ಶಾಖ ಸುಮಾರು 180 ಯೂನಿಟ್‌ನಷ್ಟು. ಗ್ಯಾಸ್ ಒಲೆಯಲ್ಲಿ ಪಾತ್ರೆಗೆ ತಲುಪುವುದು ಅದರ ಶೇ 60 ಎಂದು ಹಿಡಿದರೆ 108. ಅದೇ ಕೆಲಸವನ್ನು ಇಂಡಕ್ಷನ್ ಒಲೆ ಸುಮಾರು 127 ಯೂನಿಟ್‌ನಲ್ಲಿ ಮಾಡುತ್ತದೆ. 2025ರ ಮೇ ತಿಂಗಳ ದರದಂತೆ ತೆರಿಗೆ, ಪಿಂಚಣಿ ಎಲ್ಲ ಸೇರಿ ಯೂನಿಟ್‌ಗೆ 6.68 ರೂಪಾಯಿ, ಒಟ್ಟು 850ರ ಹತ್ತಿರ. ಸಿಲಿಂಡರಿಗೂ ಆಗ ಅಷ್ಟೇ ಇತ್ತು. ಆ ದರದಲ್ಲಿ ಪೂರ್ತಿ ದುಡ್ಡು ಕಟ್ಟುವವರಿಗೆ ಎರಡೂ ಸಮ. ಗೆರೆಯ ಒಳಗಿರುವವರಿಗೆ ಇಂಡಕ್ಷನ್ ಪುಕ್ಕಟೆ, ಗೆರೆಯ ಅಂಚಿನಲ್ಲಿ ಇರುವವರಿಗೆ ಮಾತ್ರ ಒಂದು ಸಲ ಅನ್ನಕ್ಕಿಟ್ಟರೂ ಸಾವಿರದ ಏಳುನೂರು. ನಮ್ಮ ನೆರೆಯವರು ತಿಂಗಳ ಕೊನೆಯ ವಾರ ಬಂತೆಂದರೆ ಇಂಡಕ್ಷನ್ ಒಲೆಯನ್ನು ಅಟ್ಟಕ್ಕೆ ಏರಿಸುತ್ತಾರೆ.

ಮಾಳಿಗೆ ಸೌರ:
ಸೂರಿನ ಮೇಲೆ ಫಲಕ ಹಾಕಿಸಿ, ಈ ಎಲ್ಲ ರಗಳೆ ಮುಗಿಯುತ್ತದೆ. 2024ರ ಫೆಬ್ರುವರಿಯಲ್ಲಿ ಬಂದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಕೇಂದ್ರದ ನೆರವಿದೆ. ನಾನು ಎರಡು ಲಕ್ಷದ ಚಿಲ್ಲರೆ ಹಾಕಿದೆ, ನೆರವು ಕಳೆದು ಒಂದು ಕಾಲು ಲಕ್ಷದ ಹತ್ತಿರ ನಿಂತಿತು. ನನ್ನ ಬಳಕೆ 250 ಯೂನಿಟ್, ತಿಂಗಳಿಗೆ 1,600ಕ್ಕೂ ಮೇಲೆ ಉಳಿಯುತ್ತದೆ; ಆರು ವರ್ಷದಲ್ಲಿ ಹಾಕಿದ ದುಡ್ಡು ಕೈಗೆ ಬರುತ್ತದೆ.

ಲೆಕ್ಕದ ಮೇಷ್ಟ್ರು:
ನೀವು 250 ಉರಿಸುತ್ತೀರಿ, ಆದ್ದರಿಂದ ಆರು ವರ್ಷ. ಇದೇ ಫಲಕವನ್ನು 190 ಉರಿಸಿ ಸೊನ್ನೆ ಬಿಲ್ಲು ಪಡೆಯುವವರು ಹಾಕಿದರೆ ಎಷ್ಟು ವರ್ಷ? ಉಳಿಯುವುದು ಸೊನ್ನೆಯಾದ್ದರಿಂದ ಹಾಕಿದ ದುಡ್ಡು ಎಂದಿಗೂ ಬರುವುದಿಲ್ಲ. ಕೇಂದ್ರ ಸರ್ಕಾರ ಒಂದು ಕೈಯಲ್ಲಿ ಸೌರಫಲಕಕ್ಕೆ ಹಣ ಕೊಡುತ್ತದೆ, ರಾಜ್ಯ ಸರ್ಕಾರ ಇನ್ನೊಂದು ಕೈಯಲ್ಲಿ ಅದು ಬೇಡವೆನ್ನಿಸುವ ಹಾಗೆ ಮಾಡುತ್ತದೆ. ಫ್ಯಾನಿಗೂ ಇದೇ ಮಾತು. ಹಳೆಯ ಫ್ಯಾನು 75 ವ್ಯಾಟ್, ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನು 30. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಸೊನ್ನೆ ಬಿಲ್ಲಿನ ಮನೆಯವರು ಆ ಫ್ಯಾನಿಗೆ ಎರಡೂವರೆ ಸಾವಿರ ಯಾಕೆ ಸುರಿಯಬೇಕು?

ಹಿನ್ನೀರಿನ ಹುಡುಗ:
ಮಾಳಿಗೆಯವರೇ, ಜೂನ್‌ನಿಂದ ಆಗಸ್ಟ್‌ವರೆಗೆ ಒಮ್ಮೆ ನಮ್ಮ ಕಡೆ ಬಂದು ಸೂರ್ಯನನ್ನು ಹುಡುಕಿಕೊಡಿ, ಆಮೇಲೆ ಫಲಕದ ಮಾತಾಡೋಣ.

ಮಾಳಿಗೆ ಸೌರ:
ನಿಮ್ಮ ಮಳೆಗಾಲಕ್ಕೆ ನಾನು ಹೊಣೆಯಲ್ಲ. ಆದರೆ ರಾಜ್ಯದಲ್ಲಿ ಹಗಲು ಪಾವಗಡದಂಥ ಕಡೆಯಿಂದ ಧಾರಾಳ ಸೌರ ವಿದ್ಯುತ್ತು ಬರುತ್ತದೆ, ಅದು ಬೆಳಗಿನ ಆರು ಗಂಟೆಯ ಗೀಸರಿಗೆ ಸಿಗುವುದಿಲ್ಲ ಎಂಬುದು ನಿಜವಾದ ಸಮಸ್ಯೆ. ಕೇಂದ್ರದ 2023ರ ನಿಯಮದಂತೆ, ಸ್ಮಾರ್ಟ್ ಮೀಟರ್ ಬಂದ ಮನೆಗೆ ಹಗಲಿನ ಸೌರ ಹೊತ್ತಿನಲ್ಲಿ ದರ ಶೇ 20ರಷ್ಟಾದರೂ ಅಗ್ಗವಿರಬೇಕು. ಅದು ಸರಿಯಾಗಿ ಜಾರಿಯಾದರೆ ಮಧ್ಯಾಹ್ನ ಇಸ್ತ್ರಿ ಮಾಡುವುದಕ್ಕೆ, ಬಟ್ಟೆ ಒಗೆಯುವುದಕ್ಕೆ ಅರ್ಥ ಬರುತ್ತದೆ.

ಅಡುಗೆಮನೆ ಅರ್ಥಶಾಸ್ತ್ರ:
ಮಧ್ಯಾಹ್ನ ಇಸ್ತ್ರಿ ಮಾಡುವವರು ಮನೆಯಲ್ಲಿ ಯಾರಿರುತ್ತಾರೆ ಎಂದು ಆ ನಿಯಮ ಬರೆದವರು ಕೇಳಿದ್ದರೆ ಚೆನ್ನಾಗಿತ್ತು.

ತುಂಗೆಯ ದಡ:
ಕಂಬದ ಮೇಲಿನವರೇ, ನೀವು ಕೇಳಿದ ದಿನಾಂಕ ನೋಡಿದೆ. ಹಿಂದಿನ ರೀಡಿಂಗ್ ಏಪ್ರಿಲ್ 2, ಈ ಸಲದ್ದು ಮೇ 5.

ಕಂಬದ ಮೇಲಿನವ:
ನಾನು ಅಂದುಕೊಂಡಂತೆಯೇ ಆಯಿತು. 33 ದಿನ! 201ನ್ನು 33ರಿಂದ ಭಾಗಿಸಿ 30ರಿಂದ ಗುಣಿಸಿ ನೋಡಿ: 183 ಯೂನಿಟ್ ಕೂಡ ಆಗುವುದಿಲ್ಲ. ನಿಮ್ಮ ಮನೆಯವರು ಗೆರೆ ದಾಟಿಲ್ಲ, ಮೀಟರ್ ರೀಡರ್ ಮೂರು ದಿನ ತಡವಾಗಿ ಬಂದಿದ್ದಾನೆ. ಉಪವಿಭಾಗದ ಕಚೇರಿಗೆ ಹೋಗಿ, ಎರಡೂ ಬಿಲ್ಲಿನ ಪ್ರತಿ ಇಟ್ಟು, ದಿನಗಳ ಅನುಪಾತದಲ್ಲಿ ಲೆಕ್ಕ ಹಾಕಿಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಬೇಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. 1912ಕ್ಕೂ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಅಲ್ಲಿ ಆಗದಿದ್ದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯಂತೆ ಪ್ರತಿ ಕಂಪನಿಯೂ ಇಟ್ಟಿರಲೇಬೇಕಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ.

ಒಂದೇ ಮಾತು:
ಅತ್ತೆಯವರಿಗೆ ಯಾರಾದರೂ ತಿಳಿಸಿ.

ಬಾಡಿಗೆಮನೆ:
ಇಷ್ಟು ಹೊತ್ತು ನಾವು ಸಮಾಜವಾದ, ಸೌರಶಕ್ತಿ ಎಲ್ಲವನ್ನೂ ಚರ್ಚಿಸಿದೆವು, ಕಾರಣ ನೋಡಿದರೆ ಕ್ಯಾಲೆಂಡರಿನಲ್ಲಿತ್ತು.

ಲೆಕ್ಕದ ಮೇಷ್ಟ್ರು:
ಕ್ಯಾಲೆಂಡರಿಗೆ ಅಷ್ಟು ಬಲ ಬಂದದ್ದು ಆ ಗೆರೆಯಿಂದಲೇ ಅಲ್ಲವೇ? ಪ್ರತಿ ಯೂನಿಟ್‌ಗೂ ಒಂದೇ ಬೆಲೆಯಿದ್ದಿದ್ದರೆ ಮೂರು ದಿನ ತಡವಾದದ್ದು ಮುಂದಿನ ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತಿತ್ತು.

ತುಂಗೆಯ ದಡ:
ಇವತ್ತು ಮಧ್ಯಾಹ್ನ ಶಾಲೆ ಕೆಲಸ ಮುಗಿಸಿಕೊಂಡು ಹೋಗಿ ಅರ್ಜಿ ಕೊಟ್ಟು ಬಂದೆ. ಮುದ್ರೆ ಹಾಕಲು ಮೊದಲು ಹಿಂಜರಿದರು, ನಿವೃತ್ತ ಸಿಬ್ಬಂದಿಯೊಬ್ಬರು ಹೇಳಿಕೊಟ್ಟಿದ್ದಾರೆ ಎಂದ ಮೇಲೆ ಹಾಕಿದರು. ಹದಿನೈದು ದಿನ ಬಿಟ್ಟು ಬನ್ನಿ ಎಂದಿದ್ದಾರೆ. ಬಿಲ್ಲಿನ ಕೊನೆಯ ದಿನಾಂಕ ಅದಕ್ಕಿಂತ ಮೊದಲೇ ಇರುವುದರಿಂದ 1,778 ರೂಪಾಯಿಯನ್ನು ಸದ್ಯಕ್ಕೆ ಕಟ್ಟಿದ್ದೇನೆ. ಲೋಡ್ ಇಳಿಸುವ ಅರ್ಜಿಯ ನಮೂನೆಯನ್ನೂ ತಂದಿದ್ದೇನೆ. ಮೇಷ್ಟ್ರು ಹೇಳಿದಂತೆ ಗೀಸರು ಮತ್ತು ಇಸ್ತ್ರಿಪೆಟ್ಟಿಗೆಯ ಬಗ್ಗೆ ಮನೆಯಲ್ಲಿ ಮೊದಲು ಒಪ್ಪಂದ ಆಗಬೇಕು. ಅತ್ತೆಯವರಿಗೆ 33 ದಿನದ ಲೆಕ್ಕ ವಿವರಿಸಿದೆ. ಅವರು ಪೂರ್ತಿ ಕೇಳಿ, ಹಾಗಾದರೆ ಮುಂದಿನ ಸಲ ಆ ಹುಡುಗ ಎರಡನೆಯ ತಾರೀಖಿಗೆ ಬಾರದಿದ್ದರೆ ಮೂರನೆಯ ತಾರೀಖಿನಿಂದ ಮೇನ್ ಸ್ವಿಚ್ಚನ್ನೇ ಇಳಿಸಿಬಿಡೋಣ ಎಂದರು.

ಕಂಬದ ಮೇಲಿನವ:
ಅವರಿಗೆ ನನ್ನ ನಮಸ್ಕಾರ ತಿಳಿಸಿ. ಫ್ರಿಜ್ಜಿನಲ್ಲಿರುವ ಹಾಲನ್ನು ಮೊದಲು ಕಾಯಿಸಿಟ್ಟುಕೊಳ್ಳಲು ಹೇಳಿ.